ಆಂತರಿಕ ಭದ್ರತಾ ಅನುದಾನ: ಅಮೆರಿಕದ ಸ್ಥಳೀಯ ಸಂಸ್ಥೆಗಳ ವೆಚ್ಚಕ್ಕೆ ಅನ್ವಯವಾಗುವ ನಿಯಮಗಳು – ಒಂದು ಅವಲೋಕನ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ಸರ್ಕಾರವು ಭಯೋತ್ಪಾದನೆಯ ತಡೆ ಹಾಗೂ ತುರ್ತು ಸಿದ್ಧತೆಗಾಗಿ ರಾಜ್ಯಗಳಿಗೆ, ಅವುಗಳ ಮೂಲಕ ಕೌಂಟಿ, ನಗರ ಮತ್ತು ಪಟ್ಟಣಗಳಿಗೆ ಪ್ರತಿ ವರ್ಷ ಅನುದಾನ ಒದಗಿಸುತ್ತದೆ. ಈ ಹಣವನ್ನು ಯಾವುದಕ್ಕೆ, ಯಾವಾಗ ಮತ್ತು ಯಾವ ಕ್ರಮದಲ್ಲಿ ವೆಚ್ಚ ಮಾಡಬೇಕೆಂಬ ಬಗ್ಗೆ ವಿವರವಾದ ನಿಯಮಗಳಿವೆ. ಈ ನಿಯಮಗಳು ಕೇವಲ ಕಚೇರಿಯ ಲೆಕ್ಕಪತ್ರಕ್ಕೆ ಸಂಬಂಧಿಸಿದವು ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಆದರೆ ನಿಯಮದ ಒಂದು ಹೆಜ್ಜೆ ತಪ್ಪಿದಲ್ಲಿ ವೆಚ್ಚದ ಹೊರೆ ಅಂತಿಮವಾಗಿ ಆ ಪಟ್ಟಣದ ತೆರಿಗೆದಾರರ ಮೇಲೆ ಬೀಳುತ್ತದೆ. ಇದೇ ಅನುದಾನ ಕುಟುಂಬಕ್ಕೆ ಸೇರಿದ ಮತ್ತೊಂದು ಯೋಜನೆಯಡಿ ದೇವಾಲಯಗಳು ಮತ್ತು ಲಾಭರಹಿತ ಸಂಘಗಳೂ ಅರ್ಜಿ ಸಲ್ಲಿಸಬಹುದಾಗಿದ್ದು, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ವಿಷಯ ಪ್ರಸ್ತುತವಾಗಿದೆ. ಈ ಹಿನ್ನೆಲೆಯಲ್ಲಿ ಸದರಿ ನಿಯಮಗಳ ಉದ್ದೇಶ, ಅವುಗಳ ಕಾರ್ಯವಿಧಾನ ಹಾಗೂ ಇತ್ತೀಚಿನ ಬೆಳವಣಿಗೆಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅನುದಾನದ ಹಿನ್ನೆಲೆ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ 2002ರಲ್ಲಿ ಆಂತರಿಕ ಭದ್ರತಾ ಕಾಯ್ದೆಯನ್ನು ಅಂಗೀಕರಿಸಲಾಯಿತು. 22 ಸಂಸ್ಥೆಗಳನ್ನು ಒಗ್ಗೂಡಿಸಿ ರಚಿಸಲಾದ ಆಂತರಿಕ ಭದ್ರತಾ ಇಲಾಖೆಯು 2003ರ ಮಾರ್ಚ್ 1ರಿಂದ ಕಾರ್ಯಾರಂಭ ಮಾಡಿತು. ಆರಂಭದ ವರ್ಷಗಳಲ್ಲಿ ಪ್ರತಿ ರಾಜ್ಯಕ್ಕೂ ಒಟ್ಟು ಮೊತ್ತದ ಕನಿಷ್ಠ ಶೇ. 0.75ರಷ್ಟು ಪಾಲು ಖಚಿತವಾಗಿತ್ತು. ಇದರಿಂದ ಜನಸಂಖ್ಯೆ ಕಡಿಮೆ ಇರುವ ರಾಜ್ಯಗಳಿಗೆ ತಲಾವಾರು ಲೆಕ್ಕದಲ್ಲಿ ದೊಡ್ಡ ರಾಜ್ಯಗಳಿಗಿಂತ ಹೆಚ್ಚು ಹಣ ದೊರೆಯಿತು. ಅನುದಾನವು ಸಾಮಾನ್ಯ ಆದಾಯ ಹಂಚಿಕೆಯ ಕಾರ್ಯಕ್ರಮವಾಗಬಾರದು, ಅಪಾಯ ಮತ್ತು ದೌರ್ಬಲ್ಯಗಳ ಅಂದಾಜೇ ಹಂಚಿಕೆಗೆ ಆಧಾರವಾಗಬೇಕು ಎಂದು ದಾಳಿಯ ತನಿಖಾ ಆಯೋಗವು 2004ರ ಜುಲೈನಲ್ಲಿ ಸಲ್ಲಿಸಿದ ವರದಿಯಲ್ಲಿ ಶಿಫಾರಸು ಮಾಡಿತು.

ಅಪಾಯವನ್ನು ಅಳೆಯುವುದು ಸುಲಭದ ಕೆಲಸವಾಗಿರಲಿಲ್ಲ. ರಾಷ್ಟ್ರೀಯ ಆಸ್ತಿ ದತ್ತಾಂಶ ಪಟ್ಟಿಯನ್ನು ಪರಿಶೀಲಿಸಿದ ಇಲಾಖೆಯ ಮಹಾ ತನಿಖಾಧಿಕಾರಿಯವರು 2006ರಲ್ಲಿ ನೀಡಿದ ವರದಿಯ ಪ್ರಕಾರ, ಪಟ್ಟಿಯಲ್ಲಿದ್ದ 77,069 ಆಸ್ತಿಗಳ ಪೈಕಿ ಅತಿ ಹೆಚ್ಚು, ಅಂದರೆ 8,591 ಆಸ್ತಿಗಳು ಇಂಡಿಯಾನಾ ರಾಜ್ಯದವಾಗಿದ್ದವು. ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ಅದಕ್ಕಿಂತ ಹಿಂದಿದ್ದವು. ಪಾಪ್‌ಕಾರ್ನ್ ಉದ್ದಿಮೆ, ಮಕ್ಕಳ ಪ್ರಾಣಿ ಸಂಗ್ರಹಾಲಯ ಹಾಗೂ ಹೇಸರಗತ್ತೆಗಳ ಮೆರವಣಿಗೆಯೂ ಸಂರಕ್ಷಿಸಬೇಕಾದ ಸ್ಥಳಗಳ ಸಾಲಿನಲ್ಲಿ ಸೇರಿದ್ದವು. ಪಟ್ಟಿಗೆ ಏನು ಸೇರಿಸಬೇಕೆಂಬ ಬಗ್ಗೆ ಸ್ಪಷ್ಟ ಮಾನದಂಡವಿಲ್ಲದೆ, ಪ್ರತಿ ರಾಜ್ಯವೂ ತನಗೆ ತೋಚಿದ ರೀತಿಯಲ್ಲಿ ಮಾಹಿತಿ ಕಳುಹಿಸಿದ್ದೇ ಇದಕ್ಕೆ ಕಾರಣವಾಗಿತ್ತು.

2007ರಲ್ಲಿ ಆಯೋಗದ ಶಿಫಾರಸುಗಳನ್ನು ಜಾರಿಗೊಳಿಸುವ ಕಾಯ್ದೆಯು ಬಂದ ನಂತರ ಹಂಚಿಕೆಗೆ ಅಪಾಯವೇ ಮುಖ್ಯ ಆಧಾರವಾಯಿತು. ರಾಜ್ಯಗಳ ಕನಿಷ್ಠ ಪಾಲನ್ನು ಹಂತ ಹಂತವಾಗಿ ಇಳಿಸಿ, 2012ರ ಸಾಲಿನಿಂದ ಶೇ. 0.35ಕ್ಕೆ ನಿಗದಿಪಡಿಸಲಾಯಿತು. ಆದರೂ ಕನಿಷ್ಠ ಪಾಲಿನ ಪರಿಣಾಮ ಪೂರ್ಣವಾಗಿ ಇಲ್ಲವಾಗಿಲ್ಲ. 2020ರ ಜನಗಣತಿಯಂತೆ ದೇಶದ ಜನಸಂಖ್ಯೆಯ ಸುಮಾರು ಶೇ. 0.17ರಷ್ಟು ಜನರಿರುವ ವಯೋಮಿಂಗ್ ರಾಜ್ಯಕ್ಕೆ ದೊರೆಯುವ ಕನಿಷ್ಠ ಪಾಲು ಅದರ ಜನಸಂಖ್ಯೆಯ ಪಾಲಿನ ಎರಡರಷ್ಟಿದೆ.

2. ಹಣ ತಲುಪುವ ಮಾರ್ಗ

ಫೀಮಾ ಎಂದು ಕರೆಯಲ್ಪಡುವ ಫೆಡರಲ್ ತುರ್ತು ನಿರ್ವಹಣಾ ಸಂಸ್ಥೆಯು ಈ ಅನುದಾನವನ್ನು ನಿರ್ವಹಿಸುತ್ತದೆ. 2024ರ ಸಾಲಿನಲ್ಲಿ ಆಂತರಿಕ ಭದ್ರತಾ ಅನುದಾನ ಕಾರ್ಯಕ್ರಮದ ಒಟ್ಟು ಮೊತ್ತ 100.8 ಕೋಟಿ ಡಾಲರ್ ಆಗಿದ್ದು, ಅದನ್ನು ಈ ಕೆಳಕಂಡಂತೆ ವಿಂಗಡಿಸಲಾಗಿತ್ತು:

ಅ) ರಾಜ್ಯ ಆಂತರಿಕ ಭದ್ರತಾ ಕಾರ್ಯಕ್ರಮ – 37.35 ಕೋಟಿ ಡಾಲರ್
ಆ) ಅಧಿಕ ಅಪಾಯದ ಮಹಾನಗರ ಪ್ರದೇಶಗಳ ಭದ್ರತಾ ಕಾರ್ಯಕ್ರಮ – 55.35 ಕೋಟಿ ಡಾಲರ್
ಇ) ಗಡಿ ಪ್ರದೇಶಗಳ ಕಾನೂನು ಪಾಲನೆಗೆ ಸಂಬಂಧಿಸಿದ ಕಾರ್ಯಕ್ರಮ – 8.1 ಕೋಟಿ ಡಾಲರ್

ಹಿಂದಿನ, ಅಂದರೆ 2023ರ ಸಾಲಿನಲ್ಲಿ ಈ ಮೊತ್ತ 112 ಕೋಟಿ ಡಾಲರ್ ಇತ್ತು.

ಪಟ್ಟಣ ಅಥವಾ ಕೌಂಟಿಯು ಫೀಮಾಗೆ ನೇರವಾಗಿ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಪ್ರತಿ ರಾಜ್ಯದಲ್ಲಿ ಇದಕ್ಕಾಗಿ ಗೊತ್ತುಪಡಿಸಿದ ಒಂದು ಆಡಳಿತ ಸಂಸ್ಥೆ ಇರುತ್ತದೆ. ರಾಜ್ಯ ಹಾಗೂ ಮಹಾನಗರ ಕಾರ್ಯಕ್ರಮಗಳಡಿ ರಾಜ್ಯವು ತನಗೆ ಬಂದ ಹಣದಲ್ಲಿ ಕನಿಷ್ಠ ಶೇ. 80ರಷ್ಟನ್ನು 45 ದಿನಗಳೊಳಗೆ ಸ್ಥಳೀಯ ಸಂಸ್ಥೆಗಳಿಗೆ ವರ್ಗಾಯಿಸತಕ್ಕದ್ದು. ಸ್ಥಳೀಯ ಸಂಸ್ಥೆಗಳು ಲಿಖಿತವಾಗಿ ಒಪ್ಪಿದಲ್ಲಿ ಮಾತ್ರ ಅವುಗಳ ಪರವಾಗಿ ರಾಜ್ಯವೇ ಆ ಪಾಲನ್ನು ವೆಚ್ಚ ಮಾಡಬಹುದು. ಹಣ ರಾಜಧಾನಿಯಲ್ಲೇ ಉಳಿದು, ತುರ್ತು ಕರೆಗೆ ಮೊದಲು ಧಾವಿಸಬೇಕಾದ ಊರಿನ ಅಗ್ನಿಶಾಮಕ ದಳ ಮತ್ತು ಪೊಲೀಸ್ ಠಾಣೆಗೆ ತಲುಪದೇ ಹೋಗಬಾರದು ಎಂಬುದೇ ಈ ನಿಯಮದ ಉದ್ದೇಶವಾಗಿದೆ.

3. ಅನುಮತಿಸಲಾದ ವೆಚ್ಚಗಳು ಮತ್ತು ಮಿತಿಗಳು

ಯೋಜನೆ ರೂಪಿಸುವುದು, ಸಂಘಟನೆ, ಸಲಕರಣೆ, ತರಬೇತಿ ಮತ್ತು ಅಣಕು ಕಾರ್ಯಾಚರಣೆ – ಈ ಐದು ಬಾಬ್ತುಗಳಿಗೆ ಹಣವನ್ನು ಬಳಸಬಹುದಾಗಿದೆ. ಸಲಕರಣೆಗಳು 21 ವರ್ಗಗಳುಳ್ಳ ಅಧಿಕೃತ ಸಲಕರಣಾ ಪಟ್ಟಿಯಲ್ಲಿ ಇರತಕ್ಕದ್ದು. ಪ್ರಮುಖ ಮಿತಿಗಳು ಈ ಕೆಳಕಂಡಂತಿವೆ:

ಅ) ಪರ್ಯಾಯ ನಿಷೇಧ: ಸ್ಥಳೀಯ ಸಂಸ್ಥೆಯು ತನ್ನ ಆಯವ್ಯಯದಲ್ಲಿ ಈಗಾಗಲೇ ಒದಗಿಸಿರುವ ಹಣವನ್ನು ಹಿಂತೆಗೆದು ಆ ಜಾಗದಲ್ಲಿ ಫೆಡರಲ್ ಹಣವನ್ನು ತುಂಬುವಂತಿಲ್ಲ. ಉದಾಹರಣೆಗೆ, ಸ್ವಂತ ನಿಧಿಯಿಂದ ವೇತನ ಪಡೆಯುತ್ತಿರುವ ಪೊಲೀಸ್ ಸಿಬ್ಬಂದಿಯ ವೇತನವನ್ನು ಅನುದಾನಕ್ಕೆ ವರ್ಗಾಯಿಸಿ, ಉಳಿತಾಯವಾದ ಹಣವನ್ನು ಉದ್ಯಾನವನಕ್ಕೆ ಬಳಸಲು ಅವಕಾಶವಿಲ್ಲ. ಅನುದಾನವು ಇರುವುದಕ್ಕೆ ಸೇರ್ಪಡೆಯಾಗಬೇಕೇ ಹೊರತು ಇರುವುದರ ಬದಲಿಯಾಗಬಾರದು.

ಆ) ಸಿಬ್ಬಂದಿ ವೆಚ್ಚ: ಸಿಬ್ಬಂದಿಗೆ ಸಂಬಂಧಿಸಿದ ವೆಚ್ಚವು ಸಾಮಾನ್ಯವಾಗಿ ಅನುದಾನದ ಶೇ. 50ನ್ನು ಮೀರತಕ್ಕದ್ದಲ್ಲ.

ಇ) ಕಾನೂನು ಪಾಲನೆ: 2007ರ ಕಾಯ್ದೆಯ ಪ್ರಕಾರ ರಾಜ್ಯ ಹಾಗೂ ಮಹಾನಗರ ಕಾರ್ಯಕ್ರಮಗಳ ಒಟ್ಟು ಹಣದಲ್ಲಿ ಕನಿಷ್ಠ ಶೇ. 25ರಷ್ಟನ್ನು ಭಯೋತ್ಪಾದನೆ ತಡೆಯುವ ಕಾನೂನು ಪಾಲನಾ ಚಟುವಟಿಕೆಗಳಿಗೆ ಮೀಸಲಿಡಬೇಕು.

ಈ) ಕಟ್ಟಡ ಕಾಮಗಾರಿ: ಇದಕ್ಕೆ 10 ಲಕ್ಷ ಡಾಲರ್ ಅಥವಾ ಅನುದಾನದ ಶೇ. 15, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಮಿತಿಯಾಗಿರುತ್ತದೆ.

ಇವುಗಳ ಜೊತೆಗೆ ಒಂದು ಉಪಯುಕ್ತ ಅವಕಾಶವೂ ಕಾಯ್ದೆಯಲ್ಲಿದೆ. ಭಯೋತ್ಪಾದನೆಯ ಸಿದ್ಧತೆಗೆಂದು ಖರೀದಿಸಿದ ಸಲಕರಣೆಯನ್ನು ಇತರ ವಿಪತ್ತುಗಳಲ್ಲಿಯೂ ಬಳಸಬಹುದು. ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ತಂಡಗಳು ಪರಸ್ಪರ ಮಾತನಾಡಲು ನೆರವಾಗುವ ರೇಡಿಯೋ ವ್ಯವಸ್ಥೆಯು ಪ್ರವಾಹ, ಬಿರುಗಾಳಿ ಅಥವಾ ಕಾಡ್ಗಿಚ್ಚಿನ ವೇಳೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅರ್ಜಿಯಲ್ಲಿ ಭಯೋತ್ಪಾದನೆಯ ಸಿದ್ಧತೆಯೊಂದಿಗಿನ ಸಂಬಂಧವನ್ನು ಸ್ಪಷ್ಟವಾಗಿ ನಿರೂಪಿಸಿರಬೇಕು.

4. ಮೊದಲು ವೆಚ್ಚ, ನಂತರ ಮರುಪಾವತಿ

ಅನುದಾನ ಮಂಜೂರಾಯಿತು ಎಂದರೆ ಹಣ ಖಜಾನೆಗೆ ಬಂದಿತು ಎಂದು ಅರ್ಥವಲ್ಲ. ಬಹುಪಾಲು ಸಂದರ್ಭಗಳಲ್ಲಿ ಸ್ಥಳೀಯ ಸಂಸ್ಥೆಯು ಮೊದಲು ತನ್ನ ಸ್ವಂತ ನಿಧಿಯಿಂದ ಸರಬರಾಜುದಾರರಿಗೆ ಹಣ ಪಾವತಿಸಿ, ಬಿಲ್ಲು ಮತ್ತು ರಸೀದಿಗಳನ್ನು ರಾಜ್ಯದ ಸಂಸ್ಥೆಗೆ ಸಲ್ಲಿಸಿ, ನಂತರ ಮರುಪಾವತಿ ಪಡೆಯುತ್ತದೆ. ಫೆಡರಲ್ ನಿಯಮಗಳಲ್ಲಿ ಮುಂಗಡ ಪಾವತಿಗೆ ಅವಕಾಶವಿದ್ದರೂ ರೂಢಿಯಲ್ಲಿರುವುದು ಮರುಪಾವತಿಯ ಪದ್ಧತಿಯೇ ಆಗಿದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಸಣ್ಣ ಪಟ್ಟಣವು 2 ಲಕ್ಷ ಡಾಲರ್ ಮೌಲ್ಯದ ರೇಡಿಯೋ ವ್ಯವಸ್ಥೆಗೆ ಮಂಜೂರಾತಿ ಪಡೆದಿದೆ ಎಂದು ಭಾವಿಸಬಹುದು. ರೇಡಿಯೋ ಗೋಪುರಕ್ಕೆ ನೆಲ ಅಗೆಯುವ ಮುನ್ನ ಪರಿಸರ ಹಾಗೂ ಪಾರಂಪರಿಕ ಸಂರಕ್ಷಣೆಯ ಪರಿಶೀಲನೆ ಪೂರ್ಣಗೊಂಡಿರತಕ್ಕದ್ದು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸುವ ಸದುದ್ದೇಶದಿಂದ ಪಟ್ಟಣವು ಪರಿಶೀಲನೆಗೆ ಕಾಯದೆ ಕಾಮಗಾರಿ ಆರಂಭಿಸಿದಲ್ಲಿ, ಆ ವೆಚ್ಚವು ಅಮಾನ್ಯವಾಗುವ ಸಂಭವವಿರುತ್ತದೆ. ಗೋಪುರ ನಿಂತಿರುತ್ತದೆ, ರೇಡಿಯೋ ಕೆಲಸ ಮಾಡುತ್ತಿರುತ್ತದೆ, ಯಾರೂ ಹಣ ದುರುಪಯೋಗ ಮಾಡಿರುವುದಿಲ್ಲ. ಆದಾಗ್ಯೂ 2 ಲಕ್ಷ ಡಾಲರ್ ಹೊರೆ ಪಟ್ಟಣದ ಸಾಮಾನ್ಯ ನಿಧಿಯ ಮೇಲೆ ಬೀಳುತ್ತದೆ. ದೊಡ್ಡ ನಗರಕ್ಕೆ ಇದು ಸಣ್ಣ ಮೊತ್ತ. ಸಣ್ಣ ಪಟ್ಟಣದಲ್ಲಿ ಇದರಿಂದ ರಸ್ತೆ ದುರಸ್ತಿ ಅಥವಾ ಗ್ರಂಥಾಲಯದ ಅವಧಿಗೆ ಕತ್ತರಿ ಬೀಳಬಹುದು.

ಆದ್ದರಿಂದ ಅನುದಾನದ ನಿಯಮಗಳಲ್ಲಿ ವೆಚ್ಚದ ಉದ್ದೇಶಕ್ಕಿಂತ ವೆಚ್ಚದ ಕ್ರಮಕ್ಕೆ ಕಡಿಮೆ ಮಹತ್ವವಿಲ್ಲ. ಮಂಜೂರಾತಿ, ಪರಿಶೀಲನೆ, ಸ್ಪರ್ಧಾತ್ಮಕ ಖರೀದಿ, ಪಾವತಿ, ದಾಖಲೆ – ಈ ಅನುಕ್ರಮವನ್ನು ಬದಲಿಸಲು ಅವಕಾಶವಿರುವುದಿಲ್ಲ.

5. ಖರೀದಿ, ದಾಸ್ತಾನು ಮತ್ತು ಲೆಕ್ಕ ಪರಿಶೋಧನೆ

ಎಲ್ಲ ಫೆಡರಲ್ ಅನುದಾನಗಳಿಗೆ ಅನ್ವಯವಾಗುವ ಏಕರೂಪ ನಿಯಮಾವಳಿಯು ಇಲ್ಲಿಯೂ ಅನ್ವಯವಾಗುತ್ತದೆ. ಅದರ ಮುಖ್ಯಾಂಶಗಳು:

ಅ) ಖರೀದಿಯು ಮುಕ್ತ ಸ್ಪರ್ಧೆಯ ಮೂಲಕ ನಡೆಯಬೇಕು. ವೆಚ್ಚ ಹೆಚ್ಚಿದಂತೆ ಗುತ್ತಿಗೆದಾರರ ಲಾಭವೂ ಶೇಕಡಾವಾರು ಹೆಚ್ಚುವ ರೀತಿಯ ಒಪ್ಪಂದವನ್ನು ನಿಷೇಧಿಸಲಾಗಿದೆ. ಖರೀದಿಯಲ್ಲಿ ಸ್ವಹಿತಾಸಕ್ತಿ ಇರುವ ಅಧಿಕಾರಿಯು ಆಯ್ಕೆಯಲ್ಲಿ ಭಾಗವಹಿಸುವಂತಿಲ್ಲ.

ಆ) 2020ರ ಆಗಸ್ಟ್ 13ರಿಂದ ಹುವಾವೇ, ಜೆಡ್.ಟಿ.ಇ., ಹೈಟೆರಾ, ಹಿಕ್‌ವಿಷನ್ ಮತ್ತು ದಾಹುವಾ ಸಂಸ್ಥೆಗಳ ನಿರ್ದಿಷ್ಟ ದೂರಸಂಪರ್ಕ ಹಾಗೂ ಕಣ್ಗಾವಲು ಸಲಕರಣೆಗಳನ್ನು ಫೆಡರಲ್ ಅನುದಾನದಿಂದ ಖರೀದಿಸಲು ನಿರ್ಬಂಧವಿದೆ. ಕಡಿಮೆ ದರವೆಂಬ ಕಾರಣಕ್ಕೆ ಕ್ಯಾಮೆರಾ ಖರೀದಿಸುವ ಮುನ್ನ ಅದರ ತಯಾರಕರು ಯಾರೆಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಇ) ಸಲಕರಣೆಗಳ ಭೌತಿಕ ದಾಸ್ತಾನು ಪರಿಶೀಲನೆಯನ್ನು ಕನಿಷ್ಠ ಎರಡು ವರ್ಷಗಳಿಗೊಮ್ಮೆ ನಡೆಸತಕ್ಕದ್ದು. ದಾಖಲೆಗಳನ್ನು ಸಾಮಾನ್ಯವಾಗಿ ಮೂರು ವರ್ಷ ಕಾಪಾಡಬೇಕು. ಈ ಉದ್ದೇಶಕ್ಕೆ ಸಲಕರಣೆ ಎಂದು ಪರಿಗಣಿಸುವ ವಸ್ತುವಿನ ಮೌಲ್ಯಮಿತಿಯನ್ನು 2024ರ ಅಕ್ಟೋಬರ್ 1ರಿಂದ 5,000 ಡಾಲರ್‌ನಿಂದ 10,000 ಡಾಲರ್‌ಗೆ ಏರಿಸಲಾಗಿದೆ.

ಈ) ಒಂದು ಹಣಕಾಸು ವರ್ಷದಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಫೆಡರಲ್ ಹಣವನ್ನು ವೆಚ್ಚ ಮಾಡುವ ಸಂಸ್ಥೆಯು ವಿಶೇಷ ಲೆಕ್ಕ ಪರಿಶೋಧನೆಗೆ ಒಳಪಡಬೇಕು. ಹಿಂದೆ 7.5 ಲಕ್ಷ ಡಾಲರ್ ಇದ್ದ ಈ ಮಿತಿಯನ್ನು, 2024ರ ಅಕ್ಟೋಬರ್ 1 ಅಥವಾ ಅನಂತರ ಆರಂಭವಾಗುವ ಹಣಕಾಸು ವರ್ಷಗಳಿಗೆ 10 ಲಕ್ಷ ಡಾಲರ್‌ಗೆ ಹೆಚ್ಚಿಸಲಾಗಿದೆ.

6. ನಿಯಮಬದ್ಧತೆ ಮತ್ತು ಅಗತ್ಯ

ನಿಯಮಕ್ಕೆ ಅನುಗುಣವಾಗಿರುವ ಪ್ರತಿ ವೆಚ್ಚವೂ ಅಗತ್ಯವಾದ ವೆಚ್ಚವೆಂದು ಹೇಳಲಾಗುವುದಿಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಸುಮಾರು 23,000 ಜನಸಂಖ್ಯೆಯುಳ್ಳ ಕೀನ್ ಎಂಬ ನಗರವು ಸುಮಾರು 2.86 ಲಕ್ಷ ಡಾಲರ್ ಅನುದಾನದಿಂದ ಬೇರ್‌ಕ್ಯಾಟ್ ಎಂಬ ರಕ್ಷಾಕವಚ ವಾಹನವನ್ನು ಪಡೆಯಲು ಮುಂದಾದಾಗ, ಅರ್ಜಿಯಲ್ಲಿ ಆ ನಗರದ ಕುಂಬಳಕಾಯಿ ಉತ್ಸವವನ್ನೂ ಉಲ್ಲೇಖಿಸಲಾಗಿತ್ತು. 2012ರಲ್ಲಿ ಈ ಪ್ರಕರಣವು ದೇಶದಾದ್ಯಂತ ಚರ್ಚೆಗೆ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆನೆಟರ್ ಟಾಮ್ ಕೋಬರ್ನ್ ಅವರು ಪ್ರಕಟಿಸಿದ ವರದಿಯಲ್ಲಿ ಇಂತಹ ಹಲವು ಖರೀದಿಗಳನ್ನು ಪಟ್ಟಿ ಮಾಡಲಾಯಿತು.

ಇಂತಹ ಖರೀದಿಗಳ ಸಮರ್ಥಕರ ವಾದವನ್ನೂ ಗಮನಿಸಬೇಕಾಗುತ್ತದೆ. ಅಪಾಯ ಎಲ್ಲಿ ಎದುರಾಗುವುದೆಂದು ಮುಂಚಿತವಾಗಿ ತಿಳಿಯದು ಮತ್ತು ಜನ ಸೇರುವ ಉತ್ಸವವೂ ರಕ್ಷಣೆಗೆ ಅರ್ಹವೇ ಎಂಬುದು ಅವರ ನಿಲುವಾಗಿತ್ತು. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ವಾಹನವು ಅಧಿಕೃತ ಸಲಕರಣಾ ಪಟ್ಟಿಯಲ್ಲಿದೆಯೇ ಎಂಬ ಪ್ರಶ್ನೆಗೆ ನಿಯಮಾವಳಿ ಉತ್ತರಿಸುತ್ತದೆ. ಆ ಊರಿಗೆ ಅದು ಬೇಕೇ, ಅದರ ನಿರ್ವಹಣಾ ವೆಚ್ಚವನ್ನು ಮುಂದಿನ ವರ್ಷಗಳಲ್ಲಿ ಯಾರು ಭರಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ನಗರ ಸಭೆಯ ಸದಸ್ಯರು ಮತ್ತು ಸಭೆಯಲ್ಲಿ ಹಾಜರಿರುವ ನಾಗರಿಕರು.

7. 2025ರ ಬೆಳವಣಿಗೆಗಳು

ಸ್ಥಳೀಯ ಸಂಸ್ಥೆಯು ಎಲ್ಲ ನಿಯಮಗಳನ್ನು ಪಾಲಿಸಿದರೂ ಹಣದ ಬಗ್ಗೆ ಅನಿಶ್ಚಿತತೆ ಉಂಟಾಗಬಹುದೆಂಬುದು 2025ರಲ್ಲಿ ಕಂಡುಬಂದಿತು. ಆ ವರ್ಷದ ಆರಂಭದಲ್ಲಿ ಅನುದಾನಗಳ ಪರಿಶೀಲನೆಯ ನಿಮಿತ್ತ ಪಾವತಿಗಳು ವಿಳಂಬವಾದವು. ಮರುಪಾವತಿಯ ಭರವಸೆಯಿಂದ ಈಗಾಗಲೇ ಸ್ವಂತ ಹಣ ವೆಚ್ಚ ಮಾಡಿದ್ದ ಸಂಸ್ಥೆಗಳು ಕಾಯಬೇಕಾಯಿತು.

ಅದೇ ವರ್ಷ ಇಲಾಖೆಯು ತನ್ನ ಅನುದಾನಗಳಿಗೆ ಫೆಡರಲ್ ವಲಸೆ ಕಾನೂನು ಜಾರಿಯಲ್ಲಿ ಸಹಕರಿಸಬೇಕೆಂಬ ಷರತ್ತುಗಳನ್ನು ಸೇರಿಸಿತು. ಹಲವು ರಾಜ್ಯಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಅನುದಾನ ಪಡೆಯುವ ಪ್ರತಿ ಸರ್ಕಾರವೂ ರಾಷ್ಟ್ರೀಯ ಕಾನೂನು ಜಾರಿಗೆ ನೆರವಾಗಬೇಕೆಂಬುದು ಫೆಡರಲ್ ಆಡಳಿತದ ನಿಲುವಾಗಿತ್ತು. ವಿಪತ್ತು ಮತ್ತು ಭದ್ರತೆಯ ಸಿದ್ಧತೆಗೆ ಸಂಬಂಧವಿಲ್ಲದ ಷರತ್ತನ್ನು ಸಂಸತ್ತಿನ ಅನುಮತಿಯಿಲ್ಲದೆ ವಿಧಿಸಲಾಗದು ಎಂಬುದು ರಾಜ್ಯಗಳ ವಾದವಾಗಿತ್ತು. 2025ರ ಸೆಪ್ಟೆಂಬರ್ 24ರಂದು ರೋಡ್ ಐಲೆಂಡ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯವು ಅರ್ಜಿದಾರ ರಾಜ್ಯಗಳ ಪರವಾಗಿ ತೀರ್ಪು ನೀಡಿತು. ಅದರ ಬೆನ್ನಲ್ಲೇ ಕೆಲವು ರಾಜ್ಯಗಳ ಪಾಲಿನ 23 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಕಡಿತಗೊಳಿಸಿ ಬೇರೆಡೆಗೆ ಹಂಚುವ ಕ್ರಮ ಪ್ರಕಟವಾದಾಗ, ಸೆಪ್ಟೆಂಬರ್ 30ರಂದು ಅದಕ್ಕೂ ತಾತ್ಕಾಲಿಕ ತಡೆ ದೊರೆಯಿತು.

ಈ ವಿವಾದಗಳು ರಾಜ್ಯ ಮತ್ತು ಫೆಡರಲ್ ಸರ್ಕಾರಗಳ ನಡುವಿನವಾಗಿದ್ದರೂ, ಅವುಗಳ ಪರಿಣಾಮ ಮರುಪಾವತಿಗಾಗಿ ಕಾಯುವ ಪಟ್ಟಣಗಳನ್ನೂ ತಟ್ಟುತ್ತದೆ. ಕ್ರಮ ತಪ್ಪಿದ ಪಟ್ಟಣವು ತನ್ನ ತಪ್ಪಿಗೆ ಬೆಲೆ ತೆರುವುದನ್ನು ಅರ್ಥಮಾಡಿಕೊಳ್ಳಬಹುದು. ಕ್ರಮ ಪಾಲಿಸಿದ ಪಟ್ಟಣಕ್ಕೆ ಹಣ ಸಕಾಲದಲ್ಲಿ ಬರದಿದ್ದರೆ ನಿಯಮಗಳ ಮೇಲಿನ ವಿಶ್ವಾಸವೇ ಕುಂದುತ್ತದೆ. ಪಾವತಿಯ ಭರವಸೆ ದೃಢವಾಗಿಲ್ಲದಿದ್ದಲ್ಲಿ, ಕೈಯಲ್ಲಿ ಹಣವಿರುವ ದೊಡ್ಡ ಸಂಸ್ಥೆಗಳು ಮಾತ್ರ ಅರ್ಜಿ ಸಲ್ಲಿಸಿ, ಹೆಚ್ಚು ಅಗತ್ಯವಿರುವ ಸಣ್ಣ ಸಂಸ್ಥೆಗಳು ಹಿಂದೆ ಸರಿಯುವ ಸಂಭವವಿದೆ.

8. ದೇವಾಲಯಗಳು ಮತ್ತು ಲಾಭರಹಿತ ಸಂಘಗಳು

2005ರ ಸಾಲಿನಿಂದ ಜಾರಿಯಲ್ಲಿರುವ ಲಾಭರಹಿತ ಸಂಸ್ಥೆಗಳ ಭದ್ರತಾ ಅನುದಾನ ಕಾರ್ಯಕ್ರಮದಡಿ, ದಾಳಿಯ ಅಪಾಯವಿರುವ ದೇವಾಲಯ, ಚರ್ಚ್, ಮಸೀದಿ, ಯಹೂದಿ ಪ್ರಾರ್ಥನಾ ಮಂದಿರ, ಶಾಲೆ ಮತ್ತು ಸಾಂಸ್ಕೃತಿಕ ಸಂಘಗಳು ನೆರವು ಪಡೆಯಬಹುದು. 2024ರ ಸಾಲಿನಲ್ಲಿ ಇದಕ್ಕೆ 45.45 ಕೋಟಿ ಡಾಲರ್ ಒದಗಿಸಲಾಗಿದ್ದು, ಪ್ರತಿ ಸ್ಥಳಕ್ಕೆ ಗರಿಷ್ಠ 1.5 ಲಕ್ಷ ಡಾಲರ್ ಮಿತಿಯಿತ್ತು. ಕ್ಯಾಮೆರಾ, ಬೇಲಿ, ದೀಪ, ಬೀಗ, ಪ್ರವೇಶ ನಿಯಂತ್ರಣ ವ್ಯವಸ್ಥೆ, ಗುತ್ತಿಗೆಯ ಭದ್ರತಾ ಸಿಬ್ಬಂದಿ ಹಾಗೂ ತರಬೇತಿಗೆ ಹಣವನ್ನು ಬಳಸಬಹುದಾಗಿದೆ.

2023ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂವರ್ಕ್‌ನಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಮೆಲ್ವಿಲ್‌ನಲ್ಲಿ ಹಿಂದೂ ದೇವಾಲಯಗಳ ಆವರಣದಲ್ಲಿ ದ್ವೇಷದ ಬರಹಗಳನ್ನು ಬರೆದ ಘಟನೆಗಳ ನಂತರ ಭಾರತೀಯ ಸಮುದಾಯದಲ್ಲಿ ಭದ್ರತೆಯ ಚಿಂತೆ ಹೆಚ್ಚಿದೆ. ಕನ್ನಡಿಗರು ಭಕ್ತರಾಗಿ, ಸ್ವಯಂಸೇವಕರಾಗಿ ತೊಡಗಿರುವ ದೇವಾಲಯಗಳು ಹಾಗೂ ಲಾಭರಹಿತ ಸಂಸ್ಥೆಗಳಾಗಿ ತೆರಿಗೆ ವಿನಾಯಿತಿ ಪಡೆದಿರುವ ಕನ್ನಡ ಸಂಘಗಳು ಅರ್ಹತೆಯ ಷರತ್ತುಗಳನ್ನು ಪೂರೈಸಿದಲ್ಲಿ ಅರ್ಜಿ ಸಲ್ಲಿಸಬಹುದು. ಇಲ್ಲಿಯೂ ಮೇಲೆ ವಿವರಿಸಿದ ಕ್ರಮವೇ ಅನ್ವಯವಾಗುತ್ತದೆ. ಘಟನೆ ನಡೆದ ಮರುದಿನವೇ ಆತಂಕದಿಂದ ಕ್ಯಾಮೆರಾ ಅಳವಡಿಸಿ, ಆನಂತರ ಅದರ ಬಿಲ್ಲನ್ನು ಅನುದಾನಕ್ಕೆ ಸಲ್ಲಿಸಿದರೆ ಮರುಪಾವತಿ ದೊರೆಯುವುದಿಲ್ಲ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಅರ್ಜಿಯನ್ನು ಫೀಮಾಗೆ ಅಲ್ಲ, ಆಯಾ ರಾಜ್ಯದ ಆಡಳಿತ ಸಂಸ್ಥೆಗೆ ಸಲ್ಲಿಸಬೇಕು. ರಾಜ್ಯದ ಕೊನೆಯ ದಿನಾಂಕವು ಫೆಡರಲ್ ದಿನಾಂಕಕ್ಕಿಂತ ಮುಂಚಿತವಾಗಿರುತ್ತದೆ.

2) ಫೆಡರಲ್ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಮುಂಚಿತವಾಗಿ ಪಡೆದಿರಬೇಕು. 2022ರ ಏಪ್ರಿಲ್ 4ರಿಂದ ಹಳೆಯ ಡನ್ಸ್ ಸಂಖ್ಯೆಯ ಬಳಕೆ ನಿಂತಿದೆ.

3) ಕಟ್ಟಡದ ದೌರ್ಬಲ್ಯಗಳ ಮೌಲ್ಯಮಾಪನ ವರದಿ ಸಿದ್ಧವಿರಬೇಕು. ಕೋರಿದ ಪ್ರತಿ ವಸ್ತುವೂ ವರದಿಯಲ್ಲಿ ಗುರುತಿಸಿದ ಒಂದು ದೌರ್ಬಲ್ಯಕ್ಕೆ ಪರಿಹಾರವಾಗಿರಬೇಕು.

4) ಮಂಜೂರಾತಿ ಹಾಗೂ ಪರಿಸರ ಪರಿಶೀಲನೆಯ ಲಿಖಿತ ಒಪ್ಪಿಗೆ ಕೈಸೇರುವವರೆಗೆ ಖರೀದಿ ಅಥವಾ ಕಾಮಗಾರಿ ಆರಂಭಿಸಬಾರದು.

5) ಮರುಪಾವತಿ ತಡವಾದರೂ ದೈನಂದಿನ ಕಾರ್ಯ ನಿಲ್ಲದಷ್ಟು ಹಣ ಸಂಸ್ಥೆಯ ಬಳಿ ಇದೆಯೇ ಎಂದು ಆಡಳಿತ ಮಂಡಳಿಯು ಮುಂಚಿತವಾಗಿ ನಿರ್ಧರಿಸಬೇಕು.

6) ಷರತ್ತುಗಳು ಮತ್ತು ಮಿತಿಗಳು ಪ್ರತಿ ವರ್ಷ ಬದಲಾಗುತ್ತವೆ. ಆಯಾ ಸಾಲಿನ ಅಧಿಸೂಚನೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ನಾಗರಿಕರು ತಮ್ಮ ಪಟ್ಟಣದ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಮೂರು: ಈ ಖರೀದಿಯಿಂದ ಯಾವ ಅಪಾಯ ಕಡಿಮೆಯಾಗುತ್ತದೆ? ಅನುದಾನ ಮುಗಿದ ನಂತರ ನಿರ್ವಹಣೆಯ ವೆಚ್ಚವನ್ನು ಯಾರು ಭರಿಸುತ್ತಾರೆ? ಮರುಪಾವತಿ ಬಾರದಿದ್ದಲ್ಲಿ ಯಾವ ಬಾಬ್ತಿನಿಂದ ಹಣ ತೆಗೆಯಲಾಗುತ್ತದೆ? ಈ ಮೂರಕ್ಕೂ ಉತ್ತರವಿರುವ ಪ್ರಸ್ತಾವನೆಯು ಲೆಕ್ಕ ಪರಿಶೋಧನೆಯ ದಿನ ನಿಲ್ಲುತ್ತದೆ, ತುರ್ತಿನ ದಿನವೂ ಉಪಯೋಗಕ್ಕೆ ಬರುತ್ತದೆ.